ಲಿಂಗಿಗೆ ಇಟ್ಟ ಎಡೆ

ಮಾರೇನಹಳ್ಳಿ, ಬೆಂಗಳೂರು
೭-೧೦-೧೯೫೬

ಚಿರಂಜೀವಿ ಜಗನ್ನಾಥನಿಗೆ,

ಪಟೇಲ ದೊಡ್ಡಹನುಮಯ್ಯನವರ ಹಿರಿಯ ಮಗಳು, ಈ ಊರಿನಿಂದ ಗಾಡಿ ಕಟ್ಟಿಸಿಕೊಂಡು ಹೈಸ್ಕೂಲಿಗೆ ಹೋದ ಮೊದಲ ಹೆಣ್ಣು, ನಿನ್ನ ತಂದೆ ತೀರಿಕೊಂಡ ಮೇಲೆ ತವರಿಗೆ ಬಂದು ಈ ಮನೆಯ ಯಜಮಾನಿಕೆ ನಡೆಸುತ್ತಿರುವ ವೆಂಕಟಲಕ್ಷ್ಮಮ್ಮ ಬರೆಯುವುದು. ಹೆತ್ತ ಮಗನಿಗೆ ಇಷ್ಟೆಲ್ಲ ಹೇಳಿಕೊಳ್ಳಬೇಕೇ ಎಂದು ನಗಬೇಡ. ನಟಿ ಪಂಕಜಾಗೆ ತನ್ನವರೆನ್ನುವವರು ಯಾರೂ ಇರಲಿಲ್ಲ ಎಂದು ನೀನು ಬರೆದ ಪುಸ್ತಕದಲ್ಲಿ ಅಚ್ಚಾಗಿದೆ. ಅವಳ ಒಡಹುಟ್ಟಿದ ಅಕ್ಕ ನಾನು, ಇನ್ನೂ ಇದ್ದೇನೆ.

ನಿನ್ನ ಕೆಮ್ಮು ಹೇಗಿದೆ? ಮದರಾಸಿನ ಹೋಟೆಲಿನವರು ಎಲ್ಲಕ್ಕೂ ಹುಣಸೆಹುಳಿ ಸುರಿಯುತ್ತಾರೆ ಎಂದು ನೀನು ಬರೆದಿದ್ದೆ. ಆ ಸಾರು ಬಿಟ್ಟು ರಾತ್ರಿ ಮಜ್ಜಿಗೆ ಅನ್ನ ಉಣ್ಣು. ಇಲ್ಲಿ ಎಲ್ಲರೂ ಆರೋಗ್ಯ. ಬಡಾವಣೆಗೆ ಬಿಟ್ಟುಕೊಟ್ಟು ಉಳಿದ ಹೊಲದಲ್ಲಿ ರಾಗಿ ತೆನೆ ಕಟ್ಟುತ್ತಿದೆ. ನಿನ್ನ ಸೋದರಮಾವ ಕೆಂಪಯ್ಯನಿಗೆ ಮಂಡಿ ನೋವು, ಆದರೂ ಅರಳಿಕಟ್ಟೆಯ ಹರಟೆಗೆ ಹೋಗುವುದು ಬಿಟ್ಟಿಲ್ಲ.

ಪುಸ್ತಕ ಬಂದ ದಿನ ಮೊದಲು ಕೈಗೆತ್ತಿಕೊಂಡವನು ಅವನೇ. ಅಕ್ಷರ ಬಾರದವನು, ರಟ್ಟಿನ ಮೇಲಿನ ಮುಖವನ್ನು ಪಂಚೆಯಿಂದ ಒರೆಸಿ, "ಅಕ್ಕಯ್ಯ, ನಮ್ ಲಿಂಗಿ ಬಗ್ಗೆ ನಮ್ ಹುಡುಗ್ನೇ ಬರ್ದವ್ನೆ, ಓದು" ಎಂದ. ಅವಳು ನಾಟಕದ ಕಂಪನಿ ಸೇರಿದ ದಿನದಿಂದ ಅಪ್ಪ ಅವಳ ಹೆಸರನ್ನು ಈ ಮನೆಯಲ್ಲಿ ಎತ್ತಗೊಡಲಿಲ್ಲ. ನಮಗೆ ಲಿಂಗಮ್ಮ, ಮಿಕ್ಕವರಿಗೆ ಪಂಕಜಾ. ಅಪ್ಪ ಹೋದ ಮೇಲೂ ನಾವು ಅಭ್ಯಾಸಬಲದಿಂದ ಬಾಯಿ ಮುಚ್ಚಿಕೊಂಡೇ ಇದ್ದೆವು. ಹಾಗಾಗಿ ಆ ಮಾತು ಕೇಳಿ ನನಗೆ ಒಂದು ಗಳಿಗೆ ಓದಲು ಕಣ್ಣು ಕಾಣಲಿಲ್ಲ.

ಓದಿದೆ. ಮಧ್ಯಾಹ್ನದ ಊಟವಾದ ಮೇಲೆ ದಿನವೂ ಗಟ್ಟಿಯಾಗಿ ಓದಿ ಮುಗಿಸಿದೆ. ಬಿಟ್ಟುಹೋದ ಗಂಡಂದಿರು, ಕೋರ್ಟು, ಜಪ್ತಿ, ಕುಡಿತದ ಸೀಸೆಗಳು. ಸುಳ್ಳು ಎನ್ನುವುದಿಲ್ಲ. ಕೊನೆಯ ದಿನಗಳನ್ನು ಕಂಡವರೊಬ್ಬರು ಹೀಗೆ ಹೇಳುತ್ತಾರೆ ಎಂದು ಬರೆದಿದ್ದೀಯಲ್ಲ, ಆ ಒಬ್ಬರು ನೀನೇ. ಮದರಾಸಿಗೆ ಹೋದ ಹೊಸದರಲ್ಲಿ ಪ್ರತಿ ಭಾನುವಾರ ಚಿಕ್ಕಮ್ಮನ ಮನೆಯಲ್ಲಿ ಊಟ ಎಂದು ನನಗೆ ಕಾಗದ ಬರೆಯುತ್ತಿದ್ದವನು, ಪುಸ್ತಕದಲ್ಲಿ ಅವಳನ್ನು ಒಮ್ಮೆಯೂ ಚಿಕ್ಕಮ್ಮ ಎನ್ನಲಿಲ್ಲ. ಮನೆತನದ ಮರ್ಯಾದೆಗಾಗಿ ಬಿಟ್ಟೆ ಎನ್ನುತ್ತೀಯೆ. ಮರ್ಯಾದೆ ಕಾಯುವ ಕೆಲಸ ನನಗೆ ಬಿಡು.

ಅವಳ ರಾಣಿ ಪಾತ್ರದ ಚಿತ್ರವನ್ನು ನಾನು ಮೆಜೆಸ್ಟಿಕ್ಕಿನಲ್ಲಿ ಒಬ್ಬಳೇ ನೋಡಿದ್ದೆ. ಅಷ್ಟು ದೊಡ್ಡ ಅರಮನೆಯಲ್ಲಿ ಬೆಳ್ಳಿ ಬಟ್ಟಲನ್ನು ಸೆರಗಿನ ತುದಿಯಿಂದ ಹಿಡಿದು ಎತ್ತಿದಳು, ನಮ್ಮವ್ವ ಒಲೆಯಿಂದ ಮಡಕೆ ಇಳಿಸುತ್ತಿದ್ದ ಹಾಗೆಯೇ. ಸುತ್ತ ಕೂತ ಹೆಂಗಸರೆಲ್ಲ ಅವಳ ಒಡವೆ ನೋಡುತ್ತಿದ್ದರು, ನಾನು ಅವ್ವನನ್ನು ನೋಡುತ್ತಿದ್ದೆ. ಆ ಚಿತ್ರದ ಬಗ್ಗೆ ನೀನು ಬರೆದಿರುವುದು ಎಷ್ಟು ವಾರ ಓಡಿತು ಎಂಬುದು ಮಾತ್ರ.

ಮೊನ್ನೆ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಕೆಂಪಯ್ಯ ಅವಳಿಗೂ ಒಂದೆಲೆ ಹಾಕಿಸಿದ. ಅವಳು ಸತ್ತ ಮೇಲೆ ಇದೇ ಮೊದಲು. ನಾನು ಬೇಡ ಎನ್ನಲಿಲ್ಲ. ಅಪ್ಪನಿಗೆ ಕೋಳಿ ಸಾರು, ಹೊಗೆಸೊಪ್ಪು, ಅವ್ವನಿಗೆ ಒಬ್ಬಟ್ಟು, ಲಿಂಗಿಗೆ ಹೊಸ ಸೀರೆ, ಅದರ ಪಕ್ಕದಲ್ಲಿ ಒಂದು ಬ್ರಾಂದಿ ಸೀಸೆ. ಎಲ್ಲಿಂದ ತಂದನೋ ಕೇಳಲಿಲ್ಲ. ಏನೋ ಇದು ಎಂದೆ. "ಅವ್ಳ್ಗೆ ಇಷ್ಟವಾದ್ದು ಇಡ್ಬೇಕಲ್ವಾ ಅಕ್ಕಯ್ಯ? ಅದಿಲ್ದೆ ಒಂದಿನಾನೂ ಇರ್ತಿರ್ಲಿಲ್ಲ ಅಂತ ನೀನೇ ಓದಿದ್ದಲ್ಲ" ಎಂದು ಅವನೇ ಹೆದರಿ ನನ್ನ ಮುಖ ನೋಡಿದ. ಅವನ ಮೇಲೆ ಕೋಪ ಬರಲಿಲ್ಲ. ಅವನು ನಿನ್ನ ಪುಸ್ತಕವನ್ನು ನಂಬಿದ್ದ, ಅಷ್ಟೇ.

ಜಗನ್ನಾಥ, ಅವಳನ್ನು ತಿಂದುಹಾಕಿದ್ದನ್ನು ಅವಳಿಗೆ ಇಷ್ಟವಾದದ್ದು ಎಂದು ಎಡೆಗೆ ಇಡುತ್ತಾರೆಯೇ?

ಸೀಸೆಯನ್ನು ಬಚ್ಚಲಿಗೆ ಸುರಿದೆ. ನೆಂಟರೆಲ್ಲ ಜಗುಲಿಯಲ್ಲಿ ಕಾಯುತ್ತಿದ್ದರು. ಎಡೆ ಇಟ್ಟು ಬಾಗಿಲು ಮುಚ್ಚಬೇಕು, ಹಿರಿಯರು ಬಂದು ಉಣ್ಣಬೇಕು. "ಇದೇನವ್ವ, ಹಬ್ಬದ ದಿನ ರೊಟ್ಟಿ ತಟ್ತಾ ಕೂತವ್ಳೆ" ಎಂದು ಯಾರೋ ಅಂದರು. ಅನ್ನಲಿ ಎಂದು ಒಲೆ ಮುಂದೆ ಕೂತು ಒಂದು ರಾಗಿ ರೊಟ್ಟಿ ತಟ್ಟಿದೆ, ಹುಚ್ಚೆಳ್ಳು ಚಟ್ನಿ ಅರೆದೆ. ರೊಟ್ಟಿಯ ಅಂಚು ಸೀಯಬೇಕು, ಇಲ್ಲದಿದ್ದರೆ ಲಿಂಗಿ ಮುಟ್ಟುತ್ತಿರಲಿಲ್ಲ. ಸೀದ ಅಂಚಿಗಾಗಿ ಕೆಂಪಯ್ಯನೊಂದಿಗೆ ಹೊಡೆದಾಡುತ್ತಿದ್ದಳು. ಎಲೆಗೆ ಬಡಿಸಿ, ಲಿಂಗೀ, ಬಾ ಎಂದು ಹೊರಗಿನವರಿಗೂ ಕೇಳುವಂತೆ ಕರೆದು ಬಾಗಿಲು ಮುಚ್ಚಿದೆ. ತೆಗೆದಾಗ ರೊಟ್ಟಿ ಇಟ್ಟ ಹಾಗೇ ಇತ್ತು. ಇರದೆ ಏನಾಗುತ್ತದೆ, ನಾನೇನು ಮಗುವೇ? ಆದರೂ ನೋಡಿದೆ. ಕೆಂಪಯ್ಯ ಅಂಚು ಮುರಿದು ನನ್ನ ಕೈಗಿಟ್ಟು ಹಿತ್ತಲಿಗೆ ಹೋದ.

ಇವೆಲ್ಲ ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ನೀನು ಸ್ಟುಡಿಯೋದ ಕಾವಲುಗಾರನನ್ನೂ ಕೇಳಿದ್ದೀಯೆ, ನನ್ನನ್ನು ಕೇಳಲಿಲ್ಲ.

ಮೈ ಬೆಚ್ಚಗೆ ನೋಡಿಕೋ. ನೂರು ಕಾಲ ಚೆನ್ನಾಗಿರು. ಮಾವ ನಿನ್ನನ್ನು ಕೇಳಿದನೆಂದು ತಿಳಿಸಲು ಹೇಳಿದ್ದಾನೆ.

ನಿನ್ನ ತಾಯಿ,
ವೆಂಕಟಲಕ್ಷ್ಮಮ್ಮ

ಮರೆತ ಮಾತು: ಎರಡನೆಯ ಮುದ್ರಣಕ್ಕೆ ಅವಳ ಬಾಲ್ಯದ ಫೋಟೋ ಬೇಕೆಂದು ನೀನು ಕೇಳಿದ್ದೆ. ಇದ್ದದ್ದು ಒಂದೇ. ಅದಕ್ಕೆ ಕಟ್ಟು ಹಾಕಿಸಿ, ಕೆಳಗೆ 'ಲಿಂಗಮ್ಮ, ಪಟೇಲ ದೊಡ್ಡಹನುಮಯ್ಯನವರ ಕಿರಿಯ ಮಗಳು' ಎಂದು ಬರೆಸಿ, ನಡುಮನೆಯಲ್ಲಿ ಅಪ್ಪನ ಪಟದ ಪಕ್ಕದಲ್ಲೇ ತೂಗುಹಾಕಿಸಿದ್ದೇನೆ. ಯಾರೂ ಬಿಚ್ಚಿ ತೆಗೆಯದಂತೆ ಹಿಂದಿನ ಹಲಗೆಗೆ ನಾನೇ ನಿಂತು ಮೊಳೆ ಹೊಡೆಸಿದೆ.