ಮಾವಿನ ಕವಲಿನ ಬಿಳಿ ಹೂ

ಕುಲಶೇಖರ, ಜೂನ್ ೧೯೩೬

ಪೂವಪ್ಪಣ್ಣಾ,

ನೀನು ತೀರಿಹೋಗಿ ಎರಡು ವರ್ಷವಾಯಿತು. ಓದುವವನಿಲ್ಲವೆಂದು ಗೊತ್ತಿದ್ದೂ ಬರೆಯುತ್ತೇನೆ. ಈ ಸುದ್ದಿ ಬೇರೆ ಯಾರಿಗೆ ಹೇಳಿದರೂ ಅರ್ಥವಾಗಲಿಕ್ಕಿಲ್ಲ.

ಇವತ್ತು ಬೆಳಿಗ್ಗೆ ಹಿತ್ತಿಲ ಮಾವಿನ ಕವಲಿನಲ್ಲಿ, ಇಷ್ಟು ವರ್ಷ ಬಂದಣಿಕೆ ಎಂದುಕೊಂಡಿದ್ದ ಎಲೆಗಳ ನಡುವೆ, ಒಂದು ಹೂಗೊಂಚಲು ಕಂಡೆ. ಸೀತಾಳೆ ಹೂವಿನ ದಂಡೆಯ ಹಾಗೆ ಇಳಿಬಿದ್ದಿದೆ, ಬಣ್ಣ ಮಾತ್ರ ನೀನು ಚಟ್ಟಿಯಲ್ಲಿ ಸಾಕಿದ್ದ ಬಿಳಿ ಮರಬಾಳೆ ಹೂವಿನದು. ಒಂದೊಂದು ಹೂವಿನ ಗಂಟಲಲ್ಲೂ ನೇರಳೆಯ ಒಂದು ಚುಕ್ಕೆ. ನಮ್ಮ ಕುಲಶೇಖರದಲ್ಲಿ ಬಿಡು, ನೀನು ಕೆಲಸಕ್ಕಿದ್ದ ಬಲ್ಮಠದ ದೊರೆಯ ತೋಟದಲ್ಲೂ ಅಂಥದ್ದು ಇರಲಿಲ್ಲ. ಸೊಂಟದ ಕೊಡಪಾನ ಇಳಿಸುವುದನ್ನೂ ಮರೆತು ನಿಂತುಬಿಟ್ಟೆ. ದೇಯಿ ಅತ್ತಿಗೆ ಬಂದು ನೋಡಿ, "ಇದೆಂತ ಮಾರಾಯ್ತಿ, ದೇವರು ಮಾಡಿದ್ದಾ, ನಿನ್ನ ಅಣ್ಣ ಮಾಡಿದ್ದಾ?" ಅಂದು ಕೈಮುಗಿದಳು.

ಗುಡಿಸುವ ಹಿಡಿಸೂಡಿಯ ಕಡ್ಡಿಯಿಂದ ಸೀತಾಳೆಯ ಪರಾಗವನ್ನು ಆ ಬಿಳಿ ಮರಬಾಳೆಗೆ ಮುಟ್ಟಿಸಿ, ಕಾಯಿ ಬಲಿಯಲಿಕ್ಕೆ ನೀನು ಒಂದು ವರ್ಷ ಕಾದಿದ್ದೆ. ಬೀಜವೆಂದರೆ ಹಿಟ್ಟಿಗಿಂತಲೂ ನಯವಾದ ಧೂಳು. ಅದನ್ನು ಕಾಗದದ ಮೇಲೆ ಹರಡಿ ಕೆಲಸಕ್ಕೆ ಹೋದವನು, ಸಂಜೆ ಬಂದು ಬರಿಯ ಕಾಗದ ನೋಡಿದೆ. "ಕಿಟಕಿ ಹಾಕದೆ ಹೋದೆನಲ್ಲ ಕಿನ್ನಿ, ಗಾಳಿ ಕೊಂಡುಹೋಯಿತು" ಎಂದು ತಲೆಗೆ ಕೈಯಿಟ್ಟು ಕೂತೆ. ಮತ್ತೆಂದೂ ಆ ಕಡ್ಡಿ ಹಿಡಿಯಲಿಲ್ಲ. ಅದಾಗಿ ಏಳು ವರ್ಷ.

ಅಣ್ಣಾ, ಅವತ್ತು ಕಿಟಕಿ ಹಾಕಿಯೇ ಇತ್ತು. ಧೂಳೆಂದು ಆ ಕಾಗದವನ್ನು ಮಾವಿನ ಕವಲಿಗೆ ಕೊಡವಿದವಳು ನಾನು, ನಿನ್ನ ಕಿನ್ನಿ.