ಕೆಂಪು ಕಂಬದ ಈಚೆ

ಯೋಶಿತಾಕ ಭಾವನವರಿಗೆ ಮಿನೆಕೊ ಮಾಡುವ ನಮಸ್ಕಾರಗಳು.

ಇಲ್ಲಿ ಕಡಲಗಾಳಿ ಕೊರೆಯತೊಡಗಿದೆ. ಅತ್ತೆಯವರ ಮಂಡಿನೋವು ಹಾಗೇ ಇದೆ.

ನಿಮ್ಮ ತಮ್ಮನ ಉತ್ತರಕ್ರಿಯೆಗೆ ಬುದ್ಧಮಂದಿರದಲ್ಲಿ ದಿನ ಗೊತ್ತುಮಾಡಬೇಕು, ಅಮ್ಮನನ್ನು ನೀನೇ ಒಪ್ಪಿಸು ಎಂದು ಬರೆದಿದ್ದಿರಿ. ಬೇಸಿಗೆಯ ಬಿರುಗಾಳಿಯಾದ ಮೇಲೆ ಅವರ ದೋಣಿಯ ಹಲಗೆ ಸಿಕ್ಕಿತೇ ಹೊರತು ಅವರು ಸಿಗಲಿಲ್ಲ. ಅಂದಿನಿಂದ ಅತ್ತೆ ದಿನಾ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಕಡಲದೇವರ ಗುಡಿಗೆ ಹೋಗುತ್ತಿದ್ದರು. ಸಾವಾದ ಮನೆಯವರು ಗುಡಿಯ ಮುಂದಿನ ಕೆಂಪು ಕಂಬ ದಾಟಬಾರದಲ್ಲ, ಒಂದು ದಿನ ಪಕ್ಕದ ಮನೆಯ ಫುಸಾಯೊ ದಾರಿಯಲ್ಲೇ ಅಡ್ಡ ನಿಂತಳು.

"ಸೂತಕ ಇಟ್ಕೊಂಡು ದೇವ್ರ ಹತ್ರ ಹೋಗ್ತೀರಲ್ಲ, ಊರಿಗೆ ಮೀನು ಸಿಗೋದು ಬೇಡ್ವಾ?"

"ಯಾರ ಮನೇಲಿದ್ಯೇ ಸೂತಕ? ನನ್ನ ಮಗ ಹುಟ್ಟಿದ್ದೇ ತಡವಾಗಿ, ಬರೋದೂ ತಡವಾಗೇ. ದಾರಿ ಬಿಡು!" ಎಂದರು ಅತ್ತೆ.

ನಿನ್ನೆ ಅವರು ಕಂಬದ ಹತ್ತಿರ ಬಂದವರು ನಿಂತುಬಿಟ್ಟರು. ಹೊರಗಿನಿಂದಲೇ ತಲೆ ಬಾಗಿಸಿ, "ಇನ್ನು ನಾನು ಒಳಗೆ ಹೋಗೋ ಹಾಗಿಲ್ಲ ಕಣೇ. ನಡಿ, ಮನೆಗೆ ಹೋಗೋಣ" ಎಂದರು.

ಆದ್ದರಿಂದ ನೀವು ದಿನ ಗೊತ್ತುಮಾಡಿ, ಅತ್ತೆ ಬರುತ್ತಾರೆ. ಸಾವಿನ ಕಾರ್ಯಕ್ಕೆ ಉಡುವ ಅವರ ಕಪ್ಪು ಕಿಮೊನೊ, ಜಪಮಣಿ ನಿಮ್ಮ ಮನೆಯಲ್ಲೇ ಉಳಿದಿವೆ, ಮರೆಯದೆ ತನ್ನಿ. ಮಂದಿರದಲ್ಲಿ ಅವರಿಗೆ ಕುರ್ಚಿ ಹಾಕಿಸಿ, ನೆಲದ ಮೇಲೆ ಕೂರಲಾರರು.

ನನಗೆಂದು ಕಪ್ಪು ಬಟ್ಟೆ ಏನೂ ತರಬೇಡಿ. ನಿನ್ನೆ ಅತ್ತೆಯವರನ್ನು ಅಲ್ಲೇ ಕಲ್ಲಿನ ಮೇಲೆ ಕೂರಿಸಿ, ನಾನೊಬ್ಬಳೇ ಕಂಬ ದಾಟಿ ಒಳಗೆ ಹೋದೆ. ಇವತ್ತೂ ಹೋಗಿದ್ದೆ.

ನಿಮ್ಮ ತಮ್ಮನ ಹೆಂಡತಿ,
ಮಿನೆಕೊ