ಹೈಫಾದ ಒಲೆ

ಅಕ್ಟೋಬರ್ ೧೪, ಮಂಗಳವಾರ. ತಾಳ್ಯ.

ಇಸ್ರೇಲಿನ ಹೈಫಾದಲ್ಲಿ ನಾನು ಐದು ವರ್ಷ ನೋಡಿಕೊಂಡಿದ್ದ ರಿವ್ಕಾ ಅಜ್ಜಿ ತೀರಿಕೊಂಡರಂತೆ. ಅವರ ಮಗಳು ಫೋನ್ ಮಾಡಿದ್ದಳು.

ಅಜ್ಜಿ ಇದ್ದ ಮನೆ ಮೊದಲು ಅರಬರದ್ದು; ೧೯೪೮ರ ಕಾಳಗದಲ್ಲಿ ಅವರು ಬಂದರಿನ ಕಡೆ ಓಡಿದ್ದರು. ಯುರೋಪಿನಲ್ಲಿ ಎಲ್ಲಾ ಕಳಕೊಂಡು ಬಂದಿದ್ದ ಅಜ್ಜಿಯ ಯೆಹೂದಿ ಮನೆಯವರಿಗೆ ಆ ಮನೆ ಸಿಕ್ಕಿತು. ಒಲೆ ಮೇಲೆ ಅವರು ಬಿಟ್ಟುಹೋದ ಬೇಳೆ ಹಳಸಿತ್ತಂತೆ. ಆ ಪಾತ್ರೆಯನ್ನ ಅಜ್ಜಿ ಎಸೆಯಲೂ ಇಲ್ಲ, ಅದರಲ್ಲಿ ಬೇಯಿಸೋಕೂ ಬಿಡಲಿಲ್ಲ.

ಇದನ್ನ ಅವ್ವಂಗೆ ಹೇಳಿದೆ. ನಮ್ಮ ಮಂದಿ ಕುರಿ ಹೊಡಕೊಂಡು ಬೇರೆ ಕಡೆ ಹೊರಟಾಗ ಒಲೆಗುಂಡು ಕೀಳಲ್ಲ. ತಿರುಗಿ ಬರ್ತೀವಿ ಅನ್ನೋ ಗುರುತು ಅದು.

"ಒಲೆ ಹಂಗೇ ಬಿಟ್ಟು ಹೋಗಿದ್ರು ಅಂದ್ಮೇಲೆ ಬಂದಿರ್ಬೇಕಲ್ಲೇ ಲತಾ?" ಅಂದಳು ಅವ್ವ.

ಅವರು ಯಾರೂ ತಿರುಗಿ ಬರಲಿಲ್ಲ. ಬಾಗಿಲು ಬಡಿದಾಗೆಲ್ಲ ಅಜ್ಜಿಯೂ ಮೊದಲು ಆ ಪಾತ್ರೆ ಕಡೆಗೇ ನೋಡೋರು.